ಹಳೆಯ ಕಾರು ಕೊಳ್ಳುವಾಗ

ನಾನು ಚಿಕ್ಕವನಾಗಿದ್ದಾಗ ಒಂದು ಸಲ ನಮ್ಮ ತಂದೆಯವರು ಎತ್ತು ಕೊಳ್ಳುವುದಕ್ಕೆಂದು ಸಿದ್ಧಗಂಗೆಯ ಜಾತ್ರೆಗೆ ಹೊರಟಾಗ ನನ್ನನ್ನೂ ಕರೆದುಕೊಂಡು ಹೋದರು. ಶಿವರಾತ್ರಿಯ ಕಾಲದಲ್ಲಿ ಅಲ್ಲಿ ಸೇರುವ ದನಗಳ ಪರಿಷೆಯನ್ನು ತುಮಕೂರು ಸೀಮೆಯವರು ಬಲ್ಲರು. ಎತ್ತುಗಳ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಬೆನ್ನಿನ ಮೇಲೆ ಜೂಲು. ನನಗಂತೂ ನೋಡಿದ ಜೋಡಿಯೆಲ್ಲ ಚೆನ್ನಾಗಿಯೇ ಕಂಡಿತು. ತಂದೆಯವರು ಬಣ್ಣವನ್ನಾಗಲಿ ಗೆಜ್ಜೆಯನ್ನಾಗಲಿ ನೋಡಲಿಲ್ಲ. ಮೊದಲು ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸಿದರು. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದ್ದೋ ತಿಳಿದರೆ ವಯಸ್ಸು ತಿಳಿಯುತ್ತದೆ. ಆಮೇಲೆ ಗೊರಸನ್ನು ಎತ್ತಿ ನೋಡಿದರು, ಹೆಗಲನ್ನು ತಡವಿದರು, ನಾಲ್ಕು ಹೆಜ್ಜೆ ನಡೆಸಿ ನೋಡಿದರು. ಕೊನೆಗೆ ಮಾರುವವನ ಮುಖ ನೋಡಿ, “ಇಷ್ಟು ಒಳ್ಳೆಯ ಎತ್ತನ್ನು ಏತಕ್ಕಪ್ಪ ಮಾರುತ್ತೀಯೆ?” ಎಂದು ಕೇಳಿದರು. ಇಷ್ಟೆಲ್ಲ ಆದಮೇಲೆಯೇ ದಲ್ಲಾಳಿ ವಲ್ಲಿಯ ಮರೆಯಲ್ಲಿ ಅವರ ಬೆರಳು ಹಿಡಿದದ್ದು.

ಅಂಥ ತಂದೆಯ ಮಗನಾದ ನಾನು, ಇದಾಗಿ ನಲವತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, ಎತ್ತಿನ ಬೆಲೆಯ ಹತ್ತಾರು ಪಟ್ಟು ಹಣ ತೆತ್ತು ಒಂದು ಹಳೆಯ ಕಾರು ಕೊಂಡಾಗ ಅದರ ಬಾಯಿ ಬಿಡಿಸಿ ನೋಡಲಿಲ್ಲ. ಆ ತಪ್ಪಿನಿಂದ ಕಲಿತದ್ದನ್ನು ಹೇಳುವುದೇ ಈ ಲೇಖನದ ಉದ್ದೇಶ. ನೀವು ನಾಳೆಯೋ ನಾಳಿದ್ದೋ ಒಂದು ಹಳೆಯ ಕಾರನ್ನು ವ್ಯಾಪಾರಿಯ ಅಂಗಡಿಯಲ್ಲಿ ಕೊಳ್ಳಲು ಹೊರಟವರಾದರೆ, ಒಂದರ್ಧ ಗಂಟೆ ಇದಕ್ಕಾಗಿ ವಿನಿಯೋಗಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಹಳೆಯ ಕಾರು ಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ, ಅವಿವೇಕವೂ ಇಲ್ಲ. ಹೊಸ ಕಾರು ಅಂಗಡಿಯ ಹೊಸ್ತಿಲು ದಾಟಿದ ದಿನವೇ ಅದರ ಬೆಲೆ ಇಳಿಯುತ್ತದೆ. ಆ ಇಳಿತದ ನಷ್ಟವನ್ನು ಮೊದಲನೆಯ ಒಡೆಯನಿಗೆ ಬಿಟ್ಟು, ಉಳಿದ ಬಾಳಿಕೆಯನ್ನು ನಾವು ಕೊಳ್ಳುವುದು ಮಧ್ಯಮ ವರ್ಗದ ಸಂಸಾರಿಗೆ ತಕ್ಕ ಲೆಕ್ಕಾಚಾರವೇ ಸರಿ. ವ್ಯಾಪಾರಿಗಳೆಲ್ಲರೂ ಮೋಸಗಾರರೆಂದೂ ನಾನು ಹೇಳುತ್ತಿಲ್ಲ. ಇದ್ದುದನ್ನು ಇದ್ದಂತೆ ಹೇಳಿ ಮಾರುವವರು ಬೇಕಾದಷ್ಟು ಮಂದಿ ಇದ್ದಾರೆ. ತೊಡಕು ಇರುವುದು ಬೇರೆ ಕಡೆ. ಗಾಡಿಯ ಒಳಗುಟ್ಟು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಜಾರ್ಜ್ ಆಕರ್‌ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ೧೯೭೦ರಲ್ಲಿ ಈ ಹಳೆಯ ಕಾರಿನ ವ್ಯಾಪಾರವನ್ನೇ ದೃಷ್ಟಾಂತವಾಗಿ ತೆಗೆದುಕೊಂಡು ಒಂದು ಪ್ರಬಂಧ ಬರೆದರು. ಕೆಟ್ಟ ಕಾರಿಗೆ ಆ ದೇಶದ ಆಡುಮಾತಿನಲ್ಲಿ ‘ನಿಂಬೆಹಣ್ಣು’ ಎಂದು ಹೆಸರು. ಅವರು ಹೇಳಿದ್ದರ ಸಾರ ಇಷ್ಟು: ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಕೊಳ್ಳುವವನಿಗೆ ತಿಳಿಯದಿದ್ದರೆ, ಅವನು ಎಲ್ಲಕ್ಕೂ ಒಂದು ನಡುಮಟ್ಟದ ಬೆಲೆಯನ್ನೇ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವನು ಮಾರಲಾರ, ಕೆಟ್ಟ ಕಾರಿನವನು ಸಂತೋಷದಿಂದ ಮಾರುತ್ತಾನೆ. ಹೀಗೆ ಕೆಟ್ಟದ್ದು ಒಳ್ಳೆಯದನ್ನು ಸಂತೆಯಿಂದಲೇ ಓಡಿಸುತ್ತದೆ. ೨೦೦೧ರಲ್ಲಿ ಅವರು ಇನ್ನಿಬ್ಬರು ವಿದ್ವಾಂಸರೊಡನೆ ಅರ್ಥಶಾಸ್ತ್ರದ ನೊಬೆಲ್ ಬಹುಮಾನವನ್ನು ಹಂಚಿಕೊಂಡರು. ಆದ್ದರಿಂದ ಕೊಳ್ಳುವವನು ಕಣ್ಣು ತೆರೆದು ನೋಡುವುದು ತನ್ನ ಹಣಕ್ಕಾಗಿ ಮಾತ್ರವಲ್ಲ. ಪ್ರಾಮಾಣಿಕನಾದ ವ್ಯಾಪಾರಿಗೂ ಅದರಿಂದ ಉಪಕಾರವಾಗುತ್ತದೆ.

ಇನ್ನು ನನ್ನ ಕಥೆ. ನಾವಿರುವುದು ಶಿರಾದಲ್ಲಿ. ನಮ್ಮ ತಾಯಿಯವರಿಗೆ ಎಂಬತ್ತು ದಾಟಿದೆ, ಹೃದಯದ ಕಾಯಿಲೆ. ತಿಂಗಳಿಗೆರಡು ಸಲ ತುಮಕೂರಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಬಸ್ಸಿನ ಮೆಟ್ಟಿಲು ಹತ್ತುವ ಶಕ್ತಿ ಅವರಿಗಿಲ್ಲ. ೨೦೨೩ರ ಬೇಸಗೆ ರಜೆಯಲ್ಲಿ ಭವಿಷ್ಯನಿಧಿಯಿಂದ ಸ್ವಲ್ಪ ಹಣ ತೆಗೆದು, ಬೆಂಗಳೂರಿನ ಹೊರಭಾಗದ ಒಬ್ಬ ವ್ಯಾಪಾರಿಯಲ್ಲಿ ಮೂರೂವರೆ ಲಕ್ಷಕ್ಕೆ ಒಂದು ಕಾರು ಕೊಂಡೆ. ಅಂಗಡಿಗೆ ಹೋದಾಗ ಸಂಜೆ ಏಳು ಗಂಟೆ. ದೀಪದ ಬೆಳಕಿನಲ್ಲಿ ಕಾರು ಫಳಫಳನೆ ಹೊಳೆಯುತ್ತಿತ್ತು. ಬಾಗಿಲು ತೆಗೆದರೆ ಮಲ್ಲಿಗೆಯ ಅತ್ತರಿನ ಘಮಘಮ. ಸೀಟಿಗೆ ಹೊಸ ಹೊದಿಕೆ, ಕಾಲಡಿಗೆ ಹೊಸ ಚಾಪೆ. ಮುಂದಿನ ದೀಪವೊಂದರ ಗಾಜಿನೊಳಗೆ ಮಂಜು ಕವಿದಂತಿತ್ತು. ಕೇಳಿದ್ದಕ್ಕೆ, “ಈಗ ತಾನೆ ತೊಳೆದಿದ್ದೇವೆ ಸಾರ್” ಎಂದರು. “ನಾಳೆ ಬೆಳಗ್ಗೆ ಇನ್ನೊಬ್ಬರು ಮುಂಗಡ ತರುತ್ತಿದ್ದಾರೆ, ತಾವು ಮೇಷ್ಟ್ರು ಎಂದು ಇವತ್ತೇ ಕೊಡುತ್ತಿದ್ದೇವೆ” ಎಂದೂ ಸೇರಿಸಿದರು. ನಾನು ಆಗಲೇ ಮನಸ್ಸಿನಲ್ಲಿ ತಾಯಿಯವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ತುಮಕೂರು ಮುಟ್ಟಿಸಿ ಆಗಿತ್ತು. ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದೆ.

ಮಳೆಗಾಲದ ಒಂದು ರಾತ್ರಿ ತಾಯಿಯವರಿಗೆ ಉಸಿರು ಕಟ್ಟಿತು. ಕರೆದುಕೊಂಡು ಹೊರಟೆವು. ಕಳ್ಳಂಬೆಳ್ಳದ ಹತ್ತಿರ ಹೆದ್ದಾರಿಯ ನಡುವೆ ಕಾರಿನ ದೀಪಗಳೆಲ್ಲ ಒಮ್ಮೆಗೇ ಆರಿ, ಎಂಜಿನ್ನು ನಿಂತುಹೋಯಿತು. ಸುರಿಯುವ ಮಳೆಯಲ್ಲಿ, ಲಾರಿಗಳು ಭರ್ರೆಂದು ಹಾಯುತ್ತಿರುವಾಗ, ಆ ಮುದುಕಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಳಿತ ಆ ಇಪ್ಪತ್ತು ನಿಮಿಷಗಳನ್ನು ನಾನು ಮರೆಯಲಾರೆ. ತರಕಾರಿ ಸಾಗಿಸುವ ಗಾಡಿಯವನೊಬ್ಬ ಪುಣ್ಯಾತ್ಮ ನಿಲ್ಲಿಸಿ ನಮ್ಮನ್ನು ಆಸ್ಪತ್ರೆ ಮುಟ್ಟಿಸಿದ. ತಾಯಿಯವರು ಉಳಿದರು. ಮಾರನೆಯ ದಿನ ಶಿರಾದ ಮೆಕ್ಯಾನಿಕ್ಕು ಕಾರಿನ ನೆಲಹಾಸನ್ನು ಕಿತ್ತು ನನ್ನನ್ನು ಕರೆದು ತೋರಿಸಿದ. ಅಡಿಯಲ್ಲಿ ಒಣಗಿದ ಕೆಸರು, ಕೆರೆಯಂಗಳದ ಮಣ್ಣಿನಂತೆ ನುಣ್ಣಗೆ ಬಿರುಕು ಬಿಟ್ಟಿತ್ತು. ತಂತಿಯ ಕೀಲುಗಳೆಲ್ಲ ಹಸಿರುಗಟ್ಟಿದ್ದವು. “ಮೇಷ್ಟ್ರೇ, ಈ ಗಾಡಿ ಈಜು ಕಲಿತಿದೆ” ಎಂದ. ಎಲ್ಲಿಯೋ ಪ್ರವಾಹದಲ್ಲಿ ಮುಳುಗಿ ಎದ್ದ ಕಾರು ಅದು. ಅತ್ತರು, ಹೊಸ ಚಾಪೆ, ದೀಪದೊಳಗಿನ ಮಂಜು, ಇವೆಲ್ಲವೂ ಅದನ್ನೇ ಹೇಳುತ್ತಿದ್ದವು. ಕೇಳುವ ಕಿವಿ ನನಗಿರಲಿಲ್ಲ.

ನಾನು ಕನ್ನಡ ಪಂಡಿತ ಪರೀಕ್ಷೆಗೆ ಓದುತ್ತಿದ್ದಾಗ ನಮ್ಮ ಗುರುಗಳು ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಓಲೆಗರಿಯ ಗ್ರಂಥವನ್ನು ಸಂಪಾದಿಸುವವನು ಒಂದೇ ಪ್ರತಿಯನ್ನು ನಂಬಬಾರದು. ಹಲವು ಪ್ರತಿಗಳನ್ನು ಹೋಲಿಸಿ, ಪಾಠಗಳು ಎಲ್ಲಿ ಒಂದನ್ನೊಂದು ಒಪ್ಪುವುದಿಲ್ಲವೋ ಅಲ್ಲಿ ನಿಲ್ಲಬೇಕು. ಹಳೆಯ ಕಾರಿಗೂ ಇದೇ ನಿಯಮ. ಕಾಗದ ಒಂದು ಪ್ರತಿ, ಗಾಡಿಯ ಮೈ ಒಂದು ಪ್ರತಿ, ವ್ಯಾಪಾರಿಯ ಮಾತು ಇನ್ನೊಂದು ಪ್ರತಿ. ಮೂರೂ ಒಂದೇ ಕಥೆಯನ್ನು ಹೇಳಿದರೆ ಮುಂದುವರಿಯಬಹುದು. ಒಂದು ಕಡೆ ಪಾಠಾಂತರ ಕಂಡರೂ ಹಣದ ಚೀಲದ ದಾರ ಬಿಚ್ಚಬಾರದು.

ಮೊದಲು ಕಾಗದವನ್ನು ನೋಡೋಣ. ನೋಂದಣಿ ಪತ್ರ, ಎಂದರೆ ಆರ್.ಸಿ., ಗಾಡಿಯ ಜಾತಕವಿದ್ದಂತೆ. ಅದರಲ್ಲಿ ಚಾಸಿ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆ ಇರುತ್ತವೆ. ಇವನ್ನು ಗಾಡಿಯ ಮೇಲೆ ಕೊರೆದಿರುವ ಸಂಖ್ಯೆಯೊಡನೆ ಅಕ್ಷರ ಅಕ್ಷರವಾಗಿ ನೀವೇ ಹೋಲಿಸತಕ್ಕದ್ದು. ಈಗಿನ ಕಾರುಗಳ ಚಾಸಿ ಸಂಖ್ಯೆಯಲ್ಲಿ ೧೭ ಗುರುತುಗಳಿರುತ್ತವೆ. ಸೊನ್ನೆ ಮತ್ತು ಒಂದರೊಡನೆ ಗೊಂದಲವಾದೀತೆಂದು ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಎಂಬ ಮೂರು ಅಕ್ಷರಗಳನ್ನು ಬಳಸುವುದಿಲ್ಲ. ಅವು ಕಂಡರೆ, ಅಥವಾ ಸಂಖ್ಯೆಯ ಸುತ್ತ ಉಜ್ಜಿದ, ಬೆಸೆದ, ಹೊಸ ಬಣ್ಣ ಬಳಿದ ಗುರುತು ಕಂಡರೆ, ಅಲ್ಲಿಂದಲೇ ಹಿಂದಿರುಗಿರಿ.

ಕೇಂದ್ರ ಸರ್ಕಾರದ ‘ವಾಹನ್’ ದಾಖಲೆಯನ್ನು ‘ಎಂಪರಿವಾಹನ್’ ಎಂಬ ಮೊಬೈಲು ಸಾಧನದ ಮೂಲಕ ಈಗ ಯಾರು ಬೇಕಾದರೂ ನೋಡಬಹುದು. ಗಾಡಿಯ ಸಂಖ್ಯೆ ಕೊಟ್ಟರೆ ನೋಂದಣಿಯ ದಿನ, ವಿಮೆಯ ಅವಧಿ ಮುಂತಾದುವು ತಿಳಿಯುತ್ತವೆ. ವ್ಯಾಪಾರಿ “ಒಬ್ಬನೇ ಒಡೆಯ” ಎಂದಿದ್ದು, ದಾಖಲೆಯಲ್ಲಿ ಮೂರನೆಯ ಒಡೆಯನೆಂದಿದ್ದರೆ, ಉಳಿದ ಮಾತುಗಳ ಬೆಲೆಯೂ ಅಷ್ಟೇ ಎಂದು ತಿಳಿಯಬೇಕು. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷದ್ದು; ಆಮೇಲೆ ತಪಾಸಣೆಯಾಗಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಹದಿಮೂರು ವರ್ಷದ ಕಾರನ್ನು ಕೊಳ್ಳುವವನು ಆ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಬೇಕು. ಗಾಡಿ ಮೊದಲು ಬಾಡಿಗೆಯ ಹಳದಿ ಹಲಗೆಯದಾಗಿದ್ದು ಆಮೇಲೆ ಖಾಸಗಿಯಾದದ್ದೇ ಎಂದೂ ವಿಚಾರಿಸಿರಿ. ಬಾಡಿಗೆ ಗಾಡಿಯ ಒಂದು ವರ್ಷ ಮನೆಯ ಗಾಡಿಯ ನಾಲ್ಕು ವರ್ಷಕ್ಕೆ ಸಮ.

ಸಾಲದ ಮಾತೊಂದಿದೆ. ಹಿಂದಿನ ಒಡೆಯ ಬ್ಯಾಂಕಿನ ಸಾಲದಿಂದ ಕೊಂಡಿದ್ದರೆ ಆರ್.ಸಿ.ಯಲ್ಲಿ ಆ ಬ್ಯಾಂಕಿನ ಹೆಸರು ಇರುತ್ತದೆ. ಸಾಲ ತೀರಿದೆ ಎಂಬ ಬಾಯಿಮಾತು ಸಾಲದು. ಬ್ಯಾಂಕಿನ ಪತ್ರವೂ, ಹೆಸರು ತೆಗೆಸುವ ೩೫ನೆಯ ನಮೂನೆಯೂ ಇರಬೇಕು. ಹೊರ ರಾಜ್ಯದ ಗಾಡಿಯಾದರೆ ಇನ್ನೂ ಎಚ್ಚರ ಬೇಕು. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಳ್ಳುವುದಾದರೆ ಇಲ್ಲಿಯ ಸಂಖ್ಯೆ ಪಡೆಯಬೇಕೆಂದು ೧೯೮೮ರ ಮೋಟಾರು ವಾಹನ ಕಾಯಿದೆಯ ೪೭ನೆಯ ಕಲಮು ಹೇಳುತ್ತದೆ. ಅದಕ್ಕೆ ಆ ರಾಜ್ಯದ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು, ಕರ್ನಾಟಕದ ಜೀವಾವಧಿ ತೆರಿಗೆಯನ್ನು ಕಟ್ಟಬೇಕು. ದೆಹಲಿಯ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ಹಸಿರು ನ್ಯಾಯಮಂಡಳಿ ೨೦೧೫ರಲ್ಲಿ ನಿರ್ಬಂಧ ಹಾಕಿತು. ೨೦೧೮ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಅದರಿಂದಾಗಿ ಅಲ್ಲಿಯ ಎಷ್ಟೋ ಕಾರುಗಳು ಅಗ್ಗವಾಗಿ ಬೇರೆ ಬೇರೆ ರಾಜ್ಯಗಳಿಗೆ ಬಂದವು. ಅಗ್ಗವೆಂದು ಕೊಂಡು, ತೆರಿಗೆ ಕಟ್ಟುವ ಹೊತ್ತಿಗೆ ಇಲ್ಲಿಯ ಕಾರಿನ ಬೆಲೆಯನ್ನೇ ತೆತ್ತವರುಂಟು.

ಇನ್ನು ಕಿಲೋಮೀಟರಿನ ಲೆಕ್ಕ. ಕಾರು ಎಷ್ಟು ದೂರ ಓಡಿದೆ ಎಂದು ತೋರಿಸುವ ಮಾಪಕವನ್ನು ನಮ್ಮ ಜನ ದೇವರ ಪ್ರಮಾಣದಂತೆ ನಂಬುತ್ತಾರೆ. ಹಿಂದೆ ಹಲ್ಲುಗಾಲಿಯನ್ನು ಹಿಂದಕ್ಕೆ ತಿರುಗಿಸುತ್ತಿದ್ದರು. ಈಗಿನ ವಿದ್ಯುನ್ಮಾನ ಮಾಪಕದಲ್ಲಿ ಸಂಖ್ಯೆಯನ್ನು ಬದಲಿಸಲು ಒಂದು ಚಿಕ್ಕ ಯಂತ್ರ, ಕೆಲವು ನಿಮಿಷ ಸಾಕು. ಆದರೆ ಸಂಖ್ಯೆಯನ್ನು ಬದಲಿಸಿದವನು ಸವೆತವನ್ನು ಬದಲಿಸಲಾರ. ಏಳು ವರ್ಷದ ಕಾರು ೨೮,೦೦೦ ಕಿಲೋಮೀಟರು ಓಡಿದೆ ಎನ್ನುತ್ತಾರೆಂದಿಟ್ಟುಕೊಳ್ಳಿ. ವರ್ಷಕ್ಕೆ ೪,೦೦೦ವಾಯಿತು, ದಿನಕ್ಕೆ ಹನ್ನೊಂದು ಕಿಲೋಮೀಟರು. ನಿವೃತ್ತರಾದವರೊಬ್ಬರ ಕಾರಾದರೆ ಇದು ಸಾಧ್ಯವೇ. ಹಾಗಿದ್ದರೆ ಬ್ರೇಕು, ಕ್ಲಚ್ಚುಗಳ ಮೇಲಿನ ರಬ್ಬರಿನ ಗೆರೆಗಳು ಏಕೆ ನುಣ್ಣಗಾಗಿವೆ? ಸ್ಟೀರಿಂಗ್ ಚಕ್ರ ಏಕೆ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿದೆ? ಚಾಲಕನ ಸೀಟಿನ ಬಾಗಿಲ ಕಡೆಯ ಅಂಚು ಏಕೆ ಕುಸಿದಿದೆ? ಅಥವಾ, ಇವೆಲ್ಲ ಏಕೆ ಹೊಚ್ಚ ಹೊಸದಾಗಿವೆ? ಹಳೆಯ ಮನೆಯಲ್ಲಿ ಒಂದು ಹೊಸ ಗೋಡೆ ಕಂಡರೆ ಅದರ ಹಿಂದೆ ಏನಿತ್ತೆಂದು ಕೇಳಬೇಕಲ್ಲವೆ?

ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಗುರುತು ಇರುತ್ತದೆ. ೨೩೧೯ ಎಂದಿದ್ದರೆ, ೨೦೧೯ನೆಯ ಇಸವಿಯ ೨೩ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಸಾಧಾರಣವಾಗಿ ಟಯರು ಸುಮಾರು ೪೦,೦೦೦ ಕಿಲೋಮೀಟರಾದರೂ ಬಾಳುತ್ತದೆ. ೨೮,೦೦೦ಕ್ಕೇ ನಾಲ್ಕೂ ಟಯರು ಬದಲಾಗಿದ್ದರೆ ಏಕೆ ಎಂದು ಕೇಳಿರಿ. ಉತ್ತರ ಸಮರ್ಪಕವಾಗಿಯೂ ಇರಬಹುದು. ಇವೆಲ್ಲಕ್ಕಿಂತ ಬಲವಾದ ಸಾಕ್ಷಿ ಎಂದರೆ ಕಂಪನಿಯ ಸರ್ವೀಸು ಕೇಂದ್ರದ ಪಟ್ಟಿ. ಕಾರು ಅಲ್ಲಿಗೆ ಹೋದಾಗಲೆಲ್ಲ ತಾರೀಖನ್ನೂ ಕಿಲೋಮೀಟರನ್ನೂ ಬರೆದಿಡುತ್ತಾರೆ. ಹಳೆಯ ರಸೀದಿಗಳನ್ನು ಕೇಳಿ ತೆಗೆದುಕೊಂಡು ಸಾಲಾಗಿ ಜೋಡಿಸಿರಿ. ಸಂಖ್ಯೆ ಏರುತ್ತ ಬರಬೇಕು. ಎಲ್ಲಿಯಾದರೂ ಇಳಿದಿದ್ದರೆ ಗುಟ್ಟು ರಟ್ಟಾಯಿತು.

ಈಗ ಗಾಡಿಯ ಮೈ. ಇದನ್ನು ಹಗಲು ಬೆಳಕಿನಲ್ಲಿ, ಒಣಗಿರುವಾಗ ನೋಡಬೇಕು. ಒದ್ದೆ ಕಾರು, ದೀಪದ ಕೆಳಗಿನ ಕಾರು, ಇವೆರಡೂ ಸುಂದರವಾಗಿಯೇ ಕಾಣುತ್ತವೆ. ಪಂಚತಂತ್ರದ ನರಿ ನೀಲಿಯ ಬಾನಿಗೆ ಬಿದ್ದು ಕಾಡಿಗೆ ರಾಜನಾದ ಕಥೆ ನಿಮಗೆ ಗೊತ್ತು. ಹೊಸ ಬಣ್ಣ ಕಂಡಾಗ ಆ ನರಿಯನ್ನು ನೆನೆಯಿರಿ. ಕಾರಿನ ಮೂಲೆಯಲ್ಲಿ ಕುಳಿತು ಉದ್ದಕ್ಕೂ ಕಣ್ಣು ಹಾಯಿಸಿದರೆ, ಒಂದು ಬಾಗಿಲಿನ ಬಣ್ಣ ಇನ್ನೊಂದಕ್ಕಿಂತ ಬೇರೆಯಾಗಿದ್ದರೆ, ಮೈ ಅಲೆಅಲೆಯಾಗಿದ್ದರೆ ಕಂಡುಬರುತ್ತದೆ. ಬಾಗಿಲಿಗೂ ಮೈಗೂ ನಡುವಿನ ಸಂದು ಎರಡು ಪಕ್ಕದಲ್ಲೂ ಒಂದೇ ಸಮನಾಗಿರಬೇಕು. ಬಾಗಿಲ ಸುತ್ತಿನ ರಬ್ಬರನ್ನು ಸ್ವಲ್ಪ ಎಳೆದು ನೋಡಿದರೆ ಕಾರ್ಖಾನೆಯ ಬೆಸುಗೆಯ ಚುಕ್ಕೆಗಳು ಸಮಾಂತರದಲ್ಲಿ ಕಾಣುತ್ತವೆ. ಅವು ಮುಚ್ಚಿಹೋಗಿದ್ದರೆ ಅಲ್ಲಿ ಸುತ್ತಿಗೆ ಆಡಿದೆ ಎಂದರ್ಥ. ಬಾನೆಟ್ಟಿನ ತಿರುಪುಗಳ ತಲೆಯ ಬಣ್ಣ ಕಿತ್ತಿದ್ದರೆ ಅವನ್ನು ಬಿಚ್ಚಿ ಹಾಕಿದ್ದಾರೆ. ಹಿಂದಿನ ಡಿಕ್ಕಿಯ ಚಾಪೆ ಎತ್ತಿ, ಹೆಚ್ಚುವರಿ ಚಕ್ರವಿಡುವ ಗುಂಡಿಯನ್ನು ಅಗತ್ಯವಾಗಿ ನೋಡಿರಿ. ಹಿಂದಿನಿಂದ ಪೆಟ್ಟು ಬಿದ್ದಿದ್ದರೆ ತಗಡಿನ ಸುಕ್ಕು ಅಲ್ಲಿ ಉಳಿದಿರುತ್ತದೆ. ಸಣ್ಣಪುಟ್ಟ ಗೀರು, ತಗ್ಗುಗಳಿಗೆ ಹೆದರಬೇಕಾಗಿಲ್ಲ. ನಮ್ಮ ರಸ್ತೆಗಳಲ್ಲಿ ಅವು ಸಹಜ. ಹೆದರಬೇಕಾದದ್ದು ಚಾಸಿಗೆ ಬಿದ್ದ ಪೆಟ್ಟಿಗೆ.

ನೀರಿಗೆ ಸಿಕ್ಕಿದ ಕಾರಿನ ಲಕ್ಷಣಗಳನ್ನು ನನಗೆ ಕಾಲವೇ ಕಲಿಸಿದೆ. ೨೦೧೫ರ ಡಿಸೆಂಬರಿನಲ್ಲಿ ಚೆನ್ನೈ, ೨೦೧೮ರ ಆಗಸ್ಟಿನಲ್ಲಿ ಕೇರಳ ಮತ್ತು ನಮ್ಮ ಕೊಡಗು, ೨೦೨೨ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು ಹೊರವರ್ತುಲ ರಸ್ತೆಯ ಪ್ರದೇಶ, ಹೀಗೆ ಒಂದಾದ ಮೇಲೊಂದು ಪ್ರವಾಹಗಳು ಬಂದವು. ಮುಳುಗಿದ ಕಾರುಗಳೆಲ್ಲ ಗುಜರಿಗೆ ಹೋಗುವುದಿಲ್ಲ. ಒಣಗಿಸಿ, ಒರೆಸಿ, ದೂರದ ಊರಿನಲ್ಲಿ ಮಾರುವುದುಂಟು. ನೀರು ಇಳಿದರೂ ತಂತಿಗಳ ಕೀಲಿನಲ್ಲಿ ತುಕ್ಕು ಮೆಲ್ಲಮೆಲ್ಲನೆ ಬೆಳೆಯುತ್ತಿರುತ್ತದೆ. ಆದ್ದರಿಂದಲೇ ಇಂಥ ಕಾರು ಕೊಂಡ ದಿನ ಕೆಡುವುದಿಲ್ಲ, ಕೆಲವು ತಿಂಗಳು ಬಿಟ್ಟು ಕೆಡುತ್ತದೆ. ಅತಿಯಾದ ಸುವಾಸನೆ ಇದ್ದರೆ ಕಿಟಕಿಗಳನ್ನು ಹತ್ತು ನಿಮಿಷ ಮುಚ್ಚಿಟ್ಟು ಆಮೇಲೆ ಮೂಸಿರಿ; ಮುಗ್ಗಲು ವಾಸನೆ ಅತ್ತರಿನ ಕೆಳಗಿನಿಂದ ಮೇಲೇಳುತ್ತದೆ. ಸೀಟಿನ ಪಟ್ಟಿಯನ್ನು ಕೊನೆಯವರೆಗೂ ಎಳೆಯಿರಿ. ಒಳಗೆ ಸುತ್ತಿಕೊಂಡ ಭಾಗವನ್ನು ಯಾರೂ ತೊಳೆಯುವುದಿಲ್ಲ, ನೀರಿನ ಕಲೆ ಅಲ್ಲಿರುತ್ತದೆ. ಸೀಟಿನ ಕೆಳಗಿನ ಕಂಬಿ, ತಿರುಪುಗಳಲ್ಲಿ ತುಕ್ಕು, ನೆಲಹಾಸಿನಡಿ ಮಣ್ಣು, ದೀಪದ ಗಾಜಿನೊಳಗೆ ಮಂಜು, ಇವನ್ನು ನೋಡಿರಿ. ಕಿಟಕಿ, ದೀಪ, ಒರೆಸುವ ಕಡ್ಡಿ, ಹಾರನ್ನು, ಒಂದೊಂದನ್ನೂ ನಾಲ್ಕಾರು ಸಲ ಆಡಿಸಿ ನೋಡಿರಿ.

ಕೀಲಿ ತಿರುಗಿಸಿದಾಗ ಎಂಜಿನ್ನು, ಬ್ರೇಕು, ಗಾಳಿಚೀಲ ಇವುಗಳ ಎಚ್ಚರಿಕೆಯ ಪುಟ್ಟ ದೀಪಗಳು ಒಮ್ಮೆ ಹೊತ್ತಿ ಸ್ವಲ್ಪ ಹೊತ್ತಿನಲ್ಲೇ ಆರಬೇಕು. ಹೊತ್ತಿ ಆರದಿದ್ದರೆ ದೋಷವಿದೆ. ಹೊತ್ತಲೇ ಇಲ್ಲವೆಂದರೆ, ದೋಷವನ್ನು ಮುಚ್ಚಲು ದೀಪವನ್ನೇ ತೆಗೆದಿರಬಹುದು. ಇದು ಮೊದಲನೆಯದಕ್ಕಿಂತ ಕೆಟ್ಟದ್ದು.

ಅಂಗಡಿಗೆ ಹೋದೊಡನೆ ಬಾನೆಟ್ಟಿನ ಮೇಲೆ ಅಂಗೈ ಇಡಿರಿ. ಬಿಸಿಯಾಗಿದ್ದರೆ ನೀವು ಬರುವ ಮೊದಲೇ ಎಂಜಿನ್ನನ್ನು ಓಡಿಸಿ ಇಟ್ಟಿದ್ದಾರೆ. ತಣ್ಣಗಿರುವಾಗ ಹೊರಡಿಸಿದರೆ ಮಾತ್ರ ಎಂಜಿನ್ನಿನ ನಿಜವಾದ ಕೆಮ್ಮು ಕೇಳಿಸುತ್ತದೆ. ಹೊಗೆಯ ಬಣ್ಣವೂ ಮಾತಾಡುತ್ತದೆ. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ. ದಟ್ಟವಾದ ಬಿಳಿ ಹೊಗೆ ನಿಲ್ಲದೆ ಬಂದರೆ ತಂಪುಗೊಳಿಸುವ ನೀರು ಒಳಗೆ ಸೋರುತ್ತಿದೆ. ಕಪ್ಪು ಹೊಗೆಯಾದರೆ ಇಂಧನ ಪೂರ್ತಿ ಉರಿಯುತ್ತಿಲ್ಲ. ಎಣ್ಣೆ ಹಾಕುವ ಮುಚ್ಚಳದ ಒಳಮೈಗೆ ಹಾಲಿನ ಕೆನೆಯಂಥದು ದಪ್ಪವಾಗಿ ಮೆತ್ತಿಕೊಂಡಿದ್ದರೂ ನೀರು ಬೆರೆತಿದೆ ಎಂಬ ಸಂಶಯಕ್ಕೆ ಎಡೆಯುಂಟು. ಅಂಗಡಿಯ ಅಂಗಳದಲ್ಲಿ ಒಂದು ಸುತ್ತು ಹಾಕಿದರೆ ಅದು ಪರೀಕ್ಷೆಯಲ್ಲ. ಏರು, ತಗ್ಗು, ನೇರ ರಸ್ತೆ ಎಲ್ಲವೂ ಇರುವ ಕಡೆ ಅರ್ಧ ಗಂಟೆಯಾದರೂ ಓಡಿಸಬೇಕು. ನಿಮಗೆ ಇದೊಂದೂ ತಿಳಿಯದಿದ್ದರೂ ಚಿಂತೆಯಿಲ್ಲ. ತಿಳಿದ ಮೆಕ್ಯಾನಿಕ್ಕಿಗೆ ದಿನದ ಕೂಲಿ ಕೊಟ್ಟು ಜೊತೆಗೆ ಕರೆದೊಯ್ಯಿರಿ. ಆ ಸಾವಿರ ಎರಡು ಸಾವಿರ ರೂಪಾಯಿಯನ್ನು ಉಳಿಸಲು ಹೋಗಿ ನಾನು ಕಳೆದುಕೊಂಡದ್ದು ಲಕ್ಷಕ್ಕೂ ಮೇಲೆ.

ಇಲ್ಲಿಯವರೆಗೆ ಕಾಗದವನ್ನೂ ಕಾರನ್ನೂ ನೋಡಿದೆವು. ಮೂರನೆಯ ಪ್ರತಿ ವ್ಯಾಪಾರಿ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಮೊದಲು ಅಪಾಯದ ಗಂಟೆ ಬಾರಿಸುವುದು ಇಲ್ಲಿಯೇ. ನಿಮ್ಮ ಮೆಕ್ಯಾನಿಕ್ಕನ್ನು ಕರೆತರುತ್ತೇನೆಂದರೆ ಅವರ ಮುಖ ಹೇಗಾಗುತ್ತದೆ ನೋಡಿರಿ. “ನಮ್ಮ ಮೇಲೆ ನಂಬಿಕೆಯಿಲ್ಲವೆ?” ಎಂದು ನೊಂದುಕೊಳ್ಳುವ ವ್ಯಾಪಾರಿಗಿಂತ “ಧಾರಾಳವಾಗಿ ಕರೆತನ್ನಿ” ಎನ್ನುವವನು ಮೇಲು. ಬೇರೆ ಗಿರಾಕಿ ಕಾದಿದ್ದಾನೆಂದು ಅವಸರಪಡಿಸುವುದು, ಮುಂಗಡಕ್ಕೆ ರಸೀದಿ ಕೊಡದಿರುವುದು, ಪೂರಾ ನಗದಿನಲ್ಲಿ ಕೇಳುವುದು, ಗ್ಯಾರಂಟಿಯನ್ನು ಬಾಯಲ್ಲಿ ಹೇಳಿ ಕಾಗದದಲ್ಲಿ ಬರೆಯದಿರುವುದು, ಪೇಟೆಯ ಬೆಲೆಗಿಂತ ತೀರ ಕಡಮೆಗೆ ಕೊಡುವುದು, ಇವು ಒಂದೊಂದೂ ಎಚ್ಚರಿಕೆಯ ಸೂಚನೆಗಳೇ. ಕಾರು ಇನ್ನೆಲ್ಲಿಯೋ ಇದೆ, ಚಿತ್ರ ನೋಡಿ ಹಣ ಕಳಿಸಿ ಎಂದರೆ, ನೀರಿನಲ್ಲಿರುವ ಎಮ್ಮೆಗೆ ದಡದಲ್ಲಿ ವ್ಯಾಪಾರ ಮಾಡಿದಂತೆಯೇ ಸರಿ.

ಇಲ್ಲಿ ಕಾನೂನಿನ ಒಂದು ವಿಷಯವನ್ನು ಮುಖ್ಯವಾಗಿ ತಿಳಿದಿರಬೇಕು. ಹಿಂದಿನ ಒಡೆಯನಿಂದ ೨೯, ೩೦ನೆಯ ನಮೂನೆಗಳಿಗೆ ಖಾಲಿಯಾಗಿಯೇ ಸಹಿ ಹಾಕಿಸಿಕೊಂಡು, ತನ್ನ ಹೆಸರು ಎಲ್ಲಿಯೂ ಬಾರದಂತೆ ಕಾರನ್ನು ಕೈಯಿಂದ ಕೈಗೆ ದಾಟಿಸುವ ವ್ಯಾಪಾರಿಗಳು ಬಹುಕಾಲದಿಂದ ಇದ್ದರು. ಅಂಥಲ್ಲಿ ಕೆಟ್ಟದ್ದಾದರೆ ಹೊಣೆ ಯಾರದು? ಇದಕ್ಕಾಗಿ ಕೇಂದ್ರ ಸರ್ಕಾರ ೨೦೨೨ರ ಡಿಸೆಂಬರಿನಲ್ಲಿ ಹೊಸ ನಿಯಮಗಳನ್ನು ಹೊರಡಿಸಿತು. ಅವು ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದವು. ಅವುಗಳ ಪ್ರಕಾರ ಬಳಸಿದ ವಾಹನಗಳ ವ್ಯಾಪಾರಿ ಸಾರಿಗೆ ಪ್ರಾಧಿಕಾರದಿಂದ ಐದು ವರ್ಷದ ಅಧಿಕಾರ ಪತ್ರವನ್ನು ಪಡೆದಿರಬೇಕು. ಒಡೆಯನು ಕಾರನ್ನು ಅವನ ವಶಕ್ಕೆ ಕೊಟ್ಟಾಗ ಆ ಸಂಗತಿಯನ್ನು ೨೯-ಸಿ ನಮೂನೆಯಲ್ಲಿ ತಿಳಿಸಬೇಕು. ಅಲ್ಲಿಂದಾಚೆಗೆ, ಮಾರಾಟವಾಗುವವರೆಗೆ, ಆ ಗಾಡಿಗೆ ವ್ಯಾಪಾರಿಯೇ ಒಡೆಯನೆಂದು ಎಣಿಕೆ. ಆದ್ದರಿಂದ, “ತಮ್ಮ ಅಧಿಕಾರ ಪತ್ರವನ್ನು ತೋರಿಸಿ, ಈ ಗಾಡಿ ತಮ್ಮ ವಶಕ್ಕೆ ಬಂದ ತಿಳಿವಳಿಕೆಯ ಪತ್ರ ಎಲ್ಲಿದೆ?” ಎಂದು ಸಂಕೋಚವಿಲ್ಲದೆ ಕೇಳಿರಿ. ಇದಕ್ಕೆ ನೇರವಾದ ಉತ್ತರ ಬಾರದಿದ್ದರೆ ಉಳಿದ ಪರೀಕ್ಷೆಗಳ ಅಗತ್ಯವೇ ಇಲ್ಲ.

ಕೊಂಡ ಮೇಲೆ ಹೆಸರು ಬದಲಾವಣೆಯನ್ನು ಮುಂದೂಡಬೇಡಿರಿ. ಕೊಂಡವನು ಮೂವತ್ತು ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕೆಂದು ಕಾಯಿದೆಯಿದೆ. ವಿಮೆಯ ವಿಷಯದಲ್ಲಿ ಹದಿನಾಲ್ಕು ದಿನಗಳೊಳಗೆ ಕಂಪನಿಗೆ ಅರ್ಜಿ ಹಾಕಬೇಕು. ಹಿಂದಿನ ಒಡೆಯನ ವಿಮಾ ರಿಯಾಯಿತಿ ಅವನದೇ ಹೊರತು ಗಾಡಿಯದಲ್ಲ. ಅದು ನಿಮಗೆ ಬರುವುದಿಲ್ಲ. ಹಾಗೆಯೇ, ನೀವು ಕಾರು ಮಾರುವವರಾದರೂ ಈ ಮಾತು ನೆನಪಿರಲಿ. ಗಾಡಿ ಕೈ ಬದಲಾಗಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟು ೨೦೧೮ರಲ್ಲಿ ತೀರ್ಪು ಕೊಟ್ಟಿದೆ.

ಮೋಸ ಹೋದವನಿಗೆ ದಾರಿಯಿಲ್ಲವೆ? ಉಂಟು. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ೧೯೧೫ ಎಂಬ ದೂರವಾಣಿ ಸಂಖ್ಯೆಗೆ ಕರೆ ಮಾಡಿದರೆ ಸಲಹೆಯೂ ದೊರೆಯುತ್ತದೆ. ಆದರೆ ದೂರಿಗೆ ಕಾಗದದ ಬಲ ಬೇಕು. ನಾನು ವ್ಯಾಪಾರಿಯ ಬಳಿಗೆ ಹೋದಾಗ ಅವರು ಒಂದು ಹಾಳೆಯನ್ನು ತೋರಿಸಿದರು. “ಗಾಡಿಯನ್ನು ಸಂಪೂರ್ಣವಾಗಿ ಪರೀಕ್ಷಿಸಿ, ಇದ್ದ ಸ್ಥಿತಿಯಲ್ಲಿಯೇ ಒಪ್ಪಿಕೊಂಡಿದ್ದೇನೆ” ಎಂದು ಅಚ್ಚಾಗಿತ್ತು. ಕೆಳಗೆ ನನ್ನ ಸಹಿ. ಉತ್ತರ ಬರೆಯುವ ಮೊದಲು ಪ್ರಶ್ನೆಯನ್ನು ಎರಡು ಸಲ ಓದಬೇಕೆಂದು ಮೂವತ್ತು ವರ್ಷದಿಂದ ಮಕ್ಕಳಿಗೆ ಹೇಳುತ್ತ ಬಂದವನು ನಾನು. ಆ ಹಾಳೆಯನ್ನು ಒಂದು ಸಲವೂ ಓದಿರಲಿಲ್ಲ. ಅಂಥ ಒಂದು ಸಾಲಿನಿಂದ ಮೋಸವೆಲ್ಲ ಮಾಫಿಯಾಗುವುದಿಲ್ಲವೆಂದು ಆಮೇಲೆ ಬಲ್ಲವರು ಹೇಳಿದರು. ಆದರೆ ತಾಯಿಯವರ ಶುಶ್ರೂಷೆಯ ನಡುವೆ ಓಡಾಡುವ ಚೈತನ್ಯ ನನ್ನಲ್ಲಿ ಉಳಿದಿರಲಿಲ್ಲ. ನೀವು ಹಾಗೆ ಬಿಟ್ಟುಬಿಡಬೇಡಿರಿ.

ಕೊನೆಗೆ ಆ ಕಾರನ್ನು ನಾನೂ ಮಾರಿದೆ. ಕೊಳ್ಳಲು ಬಂದ ಹುಡುಗ ಹೊಸದಾಗಿ ಮದುವೆಯಾದವನು. ಕಾರನ್ನು ಸುತ್ತು ಬಂದು, “ಚೆನ್ನಾಗಿದೆ ಸಾರ್” ಎಂದ. ಅವನ ಕಣ್ಣಿನಲ್ಲಿ ಆ ಸಂಜೆಯ ನನ್ನ ಕಣ್ಣೇ ಕಂಡಿತು. ನಾನು ನೆಲಹಾಸನ್ನು ಎತ್ತಿ ತೋರಿಸಿದೆ; ನಡೆದದ್ದನ್ನೆಲ್ಲ ಹೇಳಿದೆ. ಅವನು ಕೊಳ್ಳದೆ ಹೋದ. ಬಹಳ ದಿನಗಳ ಮೇಲೆ, ಎಲ್ಲವನ್ನೂ ಕೇಳಿಕೊಂಡು, ಬಿಡಿಭಾಗಗಳಿಗಾಗಿ ಒಬ್ಬ ಗ್ಯಾರೇಜಿನವನು ಕೊಂಡ. ಮೂರೂವರೆ ಲಕ್ಷದ್ದಕ್ಕೆ ಕೈಗೆ ಬಂದದ್ದು ತೊಂಬತ್ತು ಸಾವಿರ. ಮನೆಯಲ್ಲಿ ಅಸಮಾಧಾನವಾಗದೆ ಇರಲಿಲ್ಲ. ಆದರೆ ಇನ್ನೊಬ್ಬನ ತಾಯಿ ಕಳ್ಳಂಬೆಳ್ಳದ ಮಳೆಯಲ್ಲಿ ಕೂರಬಾರದೆಂದರೆ ಯಾರಾದರೊಬ್ಬರು ಅದನ್ನು ಅಲ್ಲಿಗೇ ನಿಲ್ಲಿಸಬೇಕಾಗಿತ್ತು.

ಅಂದಿನ ಜಾತ್ರೆಯಲ್ಲಿ ನಮ್ಮ ತಂದೆಯವರು ಎತ್ತು ಕೊಳ್ಳಲೇ ಇಲ್ಲ. ನಡಿಗೆಯಲ್ಲಿ ಏನೋ ಕಂಡಿತೆಂದು ಬೆರಳು ಬಿಡಿಸಿಕೊಂಡು ಎದ್ದುಬಿಟ್ಟರು. ಅಷ್ಟು ದೂರ ಹೋಗಿ ಬರಿಗೈಯಲ್ಲಿ ಬಂದೆವಲ್ಲ ಎಂದು ನಾನು ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದೆ. ಅವರು, “ಜಾತ್ರೆ ಮುಂದಿನ ವರ್ಷವೂ ಬರುತ್ತದೆ ಕಣೋ” ಎಂದು ಹೇಳಿ ಬುತ್ತಿ ಬಿಚ್ಚಿದರು. ಹಳೆಯ ಕಾರು ಕೊಳ್ಳಲು ಹೊರಟವರು ಹಣದ ಜೊತೆಗೆ ಆ ಮಾತನ್ನೂ ಜೇಬಿನಲ್ಲಿಟ್ಟುಕೊಂಡು ಹೋಗಬೇಕು.